ಮೊದಲು ಪೆಟ್ರೋಲ್, ಆಮೇಲೆ ಕಿಡಿ: ಮನೆಯಲ್ಲಿ ಎಂಜಿನ್ ರಿಪೇರಿ ಮಾಡುವಾಗಿನ ನನ್ನ ಅನುಭವ

ಮನೆಯಲ್ಲೇ ಎಂಜಿನ್ ಬಿಚ್ಚಿ ಜೋಡಿಸುವಾಗ ಒಂದು ಕಟ್ಟುನಿಟ್ಟನ್ನು ನಾನು ಎಂದೂ ಸಡಿಲಿಸುವುದಿಲ್ಲ: ಪೆಟ್ರೋಲಿನ ಕೆಲಸವನ್ನೂ ವಿದ್ಯುತ್ತಿನ ಕೆಲಸವನ್ನೂ ಒಂದೇ ಹೊತ್ತಿನಲ್ಲಿ ಕೈಗೆತ್ತಿಕೊಳ್ಳುವುದಿಲ್ಲ. ಪೆಟ್ರೋಲ್ ಪೈಪಿಗೆ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಡುತ್ತೇನೆ. ಹೆಚ್ಚಿನ ವಾಹನಗಳಲ್ಲಿ ನೆಗೆಟಿವ್ ತುದಿ ವಾಹನದ ಲೋಹದ ಮೈಗೆ ಸೇರಿರುವುದರಿಂದ, ಪಾಸಿಟಿವ್ ನಟ್ಟನ್ನು ಮೊದಲು ಸಡಿಲಿಸಹೊರಟರೆ ಸ್ಪ್ಯಾನರಿನ ಇನ್ನೊಂದು ತುದಿ ಎಲ್ಲಾದರೂ ಲೋಹಕ್ಕೆ ತಗುಲಿ ದೊಡ್ಡ ಕಿಡಿ ಹಾರುತ್ತದೆ. ಮತ್ತೆ ಜೋಡಿಸುವಾಗ ನೆಗೆಟಿವ್ ಕೊನೆಗೆ.

ಹೊತ್ತಿಕೊಳ್ಳುವುದು ದ್ರವವಲ್ಲ, ಅದರ ಆವಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಡೀಸೆಲ್ಲಿಗೆ ಅದೇ ಸ್ಥಿತಿ ಬರಲು ಇದಕ್ಕಿಂತ ತುಂಬಾ ಹೆಚ್ಚಿನ ಬಿಸಿ ಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾಗಿರುವುದರಿಂದ ಮೇಲಕ್ಕೆ ಹೋಗದೆ ನೆಲದ ಮೇಲೆ ಹರಡುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ, ಬಾಗಿಲ ಸಂದಿಯಿಂದ ಪಕ್ಕದ ಕೋಣೆಯಲ್ಲಿ ಉರಿಯುತ್ತಿರುವ ಒಲೆಯವರೆಗೂ ಸಾಗುತ್ತದೆ. ಆದ್ದರಿಂದ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರನ್ನು ನಾನು ಬಯಲಿನಲ್ಲಿಯೇ ಬಿಚ್ಚುತ್ತೇನೆ, ಅದರಲ್ಲಿ ಉಳಿದ ಪೆಟ್ರೋಲನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ಇಳಿಸಿ ದೂರ ಇಡುತ್ತೇನೆ. ಬೆಳಕಿಗೆ ಗಾಜಿನ ಹಳೆಯ ಬಲ್ಬ್ ಬೇಡವೇ ಬೇಡ. ಅದು ಒಡೆದರೆ ಕಾದ ತಂತಿ ನೇರವಾಗಿ ಆವಿಗೆ ಸಿಗುತ್ತದೆ.

ನನಗೆ ಅತಿ ಹೆಚ್ಚು ಅಪಾಯಕಾರಿಯಾಗಿ ಕಂಡಿರುವುದು ಎಂಜಿನ್ನಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗಿನ ಪರೀಕ್ಷೆ. ಪ್ಲಗ್ ಬಿಚ್ಚಿ, ಕ್ಯಾಪ್ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ಒತ್ತಿ ಹಿಡಿದು ಕಿಕ್ ಹೊಡೆಯುವುದು ಎಲ್ಲರಿಗೂ ಗೊತ್ತಿರುವ ವಿಧಾನ. ಆದರೆ ಪ್ಲಗ್ಗಿನ ರಂಧ್ರ ತೆರೆದೇ ಇರುತ್ತದೆ; ಪಿಸ್ಟನ್ ಮೇಲೇರಿದಾಗಲೆಲ್ಲ ಒಳಗಿನ ಪೆಟ್ರೋಲ್ ಮಿಶ್ರಣ ಅಲ್ಲಿಂದ ಹೊರಚಿಮ್ಮುತ್ತದೆ. ಎಂಜಿನ್ನಿನೊಳಗೆ ಪೆಟ್ರೋಲ್ ಹೆಚ್ಚಾಗಿ ತುಂಬಿ ಸ್ಟಾರ್ಟ್ ಆಗದೆ ನಿಂತಿದ್ದ ಬೈಕೊಂದರ ಮೇಲೆ ಪರಿಚಿತರೊಬ್ಬರು ಹೀಗೆ ಮಾಡಿದಾಗ ಭಗ್ಗನೆ ಎದ್ದ ಜ್ವಾಲೆ ಟ್ಯಾಂಕಿನ ಬುಡದವರೆಗೆ ಚಾಚಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಪುಡಿಯ ಅಗ್ನಿಶಾಮಕ ಕೈಗೆಟಕುವಲ್ಲೇ ಇದ್ದುದರಿಂದ ಒಂದಿಷ್ಟು ವೈರು ಸುಟ್ಟು ಅಷ್ಟಕ್ಕೇ ಮುಗಿಯಿತು. ನಾನು ರಂಧ್ರಕ್ಕೆ ಹಳೆಯ ಪ್ಲಗ್ ಒಂದನ್ನು ತಿರುಗಿಸಿ ಕೂರಿಸಿ, ಪರೀಕ್ಷಿಸಬೇಕಾದ ಪ್ಲಗ್ಗನ್ನು ಸಾಧ್ಯವಾದಷ್ಟು ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ಕ್ಲಿಪ್ಪಿನಿಂದ ಬಿಗಿದು, ಆಮೇಲೆ ಕಿಕ್ ಹೊಡೆಯುತ್ತೇನೆ. ಕಿಡಿ ಅಷ್ಟೇ ಚೆನ್ನಾಗಿ ಕಾಣುತ್ತದೆ.

ಏರ್ ಫಿಲ್ಟರ್ ಕಳಚಿಟ್ಟು, ಕಾರ್ಬ್ಯುರೇಟರಿನ ಬಾಯಿಗೆ ಪೆಟ್ರೋಲ್ ಸುರಿಯುತ್ತಾ ಸ್ಟಾರ್ಟ್ ಮಾಡುವ ರೂಢಿಯೂ ಇಂಥದ್ದೇ. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ತಪ್ಪಿದ್ದರೆ ಅಥವಾ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿದ್ದರೆ ಎಂಜಿನ್ ಹಿಂದಕ್ಕೆ ಸಿಡಿಯುತ್ತದೆ, ಆ ಜ್ವಾಲೆ ಸುರಿಯುವವರ ಕೈಗೂ ಮುಖಕ್ಕೂ ಬರುತ್ತದೆ. ಕೈಯಲ್ಲಿ ಹಿಡಿದ ಬಾಟಲಿ ಬಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಫಿಲ್ಟರ್ ಕೂರಿಸದೆ ನಾನು ಕೀ ತಿರುಗಿಸುವುದಿಲ್ಲ.

ಕಾರ್ಬ್ಯುರೇಟರಿನ ಬದಲು ಪಂಪಿನ ಒತ್ತಡದಿಂದ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಕೀ ತೆಗೆದ ಮೇಲೂ ಪೈಪಿನೊಳಗೆ ಒತ್ತಡ ಉಳಿದಿರುತ್ತದೆ. ಹಾಗಾಗಿ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಅದು ಪೂರ್ತಿ ತಣಿದ ನಂತರವೇ ಬಟ್ಟೆ ಸುತ್ತಿ ಪೈಪನ್ನು ಬಿಚ್ಚುತ್ತೇನೆ.

ಅಗ್ನಿಶಾಮಕವನ್ನು ವಾಹನದ ಪಕ್ಕದಲ್ಲಲ್ಲ, ಹೊರಗೆ ಓಡುವ ದಾರಿಯ ಬದಿಯಲ್ಲಿ ಇಡಬೇಕು ಎನ್ನುವುದು ನನ್ನ ಅಭಿಪ್ರಾಯ. ಬೆಂಕಿಯನ್ನು ದಾಟಿ ತರಬೇಕಾದ ಸಿಲಿಂಡರ್ ಇದ್ದೂ ಇಲ್ಲದಂತೆ. ನೀರು ಸುರಿದರೆ ಪೆಟ್ರೋಲ್ ಅದರ ಮೇಲೆ ತೇಲಿಕೊಂಡು ಬೆಂಕಿಯನ್ನು ಇನ್ನಷ್ಟು ಹರಡುತ್ತದೆ. ಕಾರಿನ ಬಾನೆಟ್ ಕೆಳಗೆ ಹೊಗೆ ಕಂಡರೆ ಅದನ್ನು ಪೂರ್ತಿ ಎತ್ತಿ ಗಾಳಿ ಒದಗಿಸುವ ಬದಲು ಸಂದಿಯಿಂದಲೇ ಪುಡಿ ಸಿಂಪಡಿಸುವುದು ಮೇಲು. ಒಂದು ಸಿಲಿಂಡರಿಗೆ ಆರದಿದ್ದರೆ ಅಲ್ಲಿ ನಿಲ್ಲದೆ ದೂರ ಸರಿದು ಅಗ್ನಿಶಾಮಕ ದಳವನ್ನು ಕರೆಯುವುದೊಂದೇ ದಾರಿ.

ಎಲ್ಲ ಜೋಡಿಸಿದ ಮೇಲೂ ತಕ್ಷಣ ಸ್ಟಾರ್ಟ್ ಮಾಡುವುದಿಲ್ಲ. ಚೆಲ್ಲಿದ್ದನ್ನು ಒರೆಸಿದ ಬಟ್ಟೆಯನ್ನು ಬಯಲಿನಲ್ಲಿ ಹರವಿ, ವಾಸನೆ ಹೋಗುವವರೆಗೆ ಕಾದು, ಬ್ಯಾಟರಿ ಜೋಡಿಸಿ, ಕೀಯನ್ನು ಆನ್ ಸ್ಥಾನಕ್ಕಷ್ಟೇ ತಿರುಗಿಸಿ ಪೆಟ್ರೋಲ್ ಪೈಪಿನ ಪ್ರತಿಯೊಂದು ಕ್ಲಿಪ್ಪನ್ನೂ ಟಾರ್ಚಿನಲ್ಲಿ ನೋಡುತ್ತೇನೆ. ಎಲ್ಲಾದರೂ ಹನಿ ಕಂಡರೆ ಮತ್ತೆ ಬ್ಯಾಟರಿ ಬಿಚ್ಚಿಯೇ ಮುಂದಿನ ಕೆಲಸ.