ಹಳೆಯ ರೈಲು ಸೇತುವೆಯನ್ನು ಓದುವುದು ಹೇಗೆ?

ಹಳೆಯ ರೈಲು ಸೇತುವೆ ಕಂಡ ಕೂಡಲೇ ಎಷ್ಟು ವರ್ಷದ್ದು ಅಂತ ಕೇಳುತ್ತೇವೆ, ಅಲ್ವಾ? ಅದಕ್ಕಿಂತ ಮೊದಲು ಏನನ್ನು ಹೊರಲು ಕಟ್ಟಿದ್ದು ಅಂತ ಕೇಳಿ. ಇಂಗ್ಲೆಂಡಿನ ಕಾಸಿ ಕಮಾನು ಅನ್ನುವ ಕಲ್ಲಿನ ಸೇತುವೆ 1726ರ ಹೊತ್ತಿನದು. ಆಗ ಹಳಿ ಮೇಲೆ ಉಗಿ ಎಂಜಿನ್ ಇನ್ನೂ ಓಡಿರಲಿಲ್ಲ. ಮರದ ಹಳಿ, ಕುದುರೆ ಎಳೆಯುವ ಬಂಡಿ, ಬಂಡಿ ತುಂಬ ಕಲ್ಲಿದ್ದಲು. ರೈಲು ಬಂದ ಮೇಲೆಯೇ ಕೈಗಾರಿಕೆ ಬಂತು ಅನ್ನುವವರಿಗೆ ಈ ಕಮಾನನ್ನು ತೋರಿಸಬೇಕು. ಇಲ್ಲಿ ಗಣಿಯೇ ಮೊದಲು.

ಆಮೇಲೆ ಯಾವುದರಿಂದ ಕಟ್ಟಿದ್ದಾರೆ ನೋಡಿ. ಕಲ್ಲು, ಇಟ್ಟಿಗೆ ಸುಲಭವಾಗಿ ತಿಳಿಯುತ್ತದೆ. ಕಬ್ಬಿಣದ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಬೀಡು ಕಬ್ಬಿಣ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತಕ್ಕೆ ಮಾತ್ರ ಸಟಕ್ಕನೆ ಮುರಿಯುತ್ತದೆ. ಅದಕ್ಕೇ ಕಂಬ, ಕಮಾನುಗಳಿಗೆ ಅದು ಒಗ್ಗಿತು, ಭಾರ ಬಿದ್ದಾಗ ಅಡಿಭಾಗ ಎಳೆತಕ್ಕೆ ಸಿಗುವ ಉದ್ದನೆಯ ಅಡ್ಡ ತೊಲೆಗೆ, ಅಂದರೆ ಗರ್ಡರ್‌ಗೆ ಒಗ್ಗಲಿಲ್ಲ. 1847ರಲ್ಲಿ ಇಂಗ್ಲೆಂಡಿನ ಚೆಸ್ಟರ್ ಬಳಿಯ ಡೀ ನದಿ ಸೇತುವೆಯ ಬೀಡು ಕಬ್ಬಿಣದ ಗರ್ಡರ್ ರೈಲು ದಾಟುತ್ತಿರುವಾಗಲೇ ಮುರಿದು ಐದು ಜನ ಸತ್ತರು. ಮುಂದೆ ಎಳೆತ ಬೀಳುವ ಕಡೆ ಮೆದು ಕಬ್ಬಿಣ, ಕೊನೆಗೆ ಉಕ್ಕು ಬಂತು. ಸ್ಕಾಟ್ಲೆಂಡಿನ ಫೋರ್ತ್ ಸೇತುವೆ (1890) ಉಕ್ಕಿನದೇ.

ಹೀಗಾಗಿ ತುಂಡುಗಳನ್ನು ತ್ರಿಕೋನಗಳಾಗಿ ಜೋಡಿಸಿದ ಟ್ರಸ್ ಸೇತುವೆಯಲ್ಲಿ ಪ್ರತಿ ತುಂಡನ್ನೂ ನೋಡಿ ಭಾರ ಇದನ್ನು ಒತ್ತುತ್ತಿದೆಯೋ ಎಳೆಯುತ್ತಿದೆಯೋ ಅಂತ ಯೋಚಿಸಿ. ದಪ್ಪನೆಯವು ಹೆಚ್ಚಾಗಿ ಒತ್ತಡದವು. ತೆಳ್ಳನೆಯ ಸಲಾಕೆ, ಪಟ್ಟಿಗಳು ಎಳೆತದವು. ಸುಮ್ನೆ ಹತ್ತು ನಿಮಿಷ ನಿಂತು ಹೀಗೆ ನೋಡಿದರೆ ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಅಂತ ಕಣ್ಣಿಗೇ ಕಾಣುತ್ತದೆ, ನನಗಂತೂ ಇದಕ್ಕಿಂತ ಖುಷಿ ಕೊಡುವ ಕೆಲಸ ಇಲ್ಲ. ನೋಡುವುದು ಕೆಳಗಿನಿಂದಲೋ ಪಕ್ಕದಿಂದಲೋ. ಹಳಿ ಹತ್ತಬೇಡಿ.

ಬುಡವನ್ನು ಮರೆಯಬೇಡಿ. ಅಮೆರಿಕದ ಪೆನ್ಸಿಲ್ವೇನಿಯಾದ ಕಿಂಜುವಾ ಸೇತುವೆಯನ್ನು 1882ರಲ್ಲಿ ಕಬ್ಬಿಣದಲ್ಲಿ ಕಟ್ಟಿದರು. ರೈಲುಗಳ ಭಾರ ಜಾಸ್ತಿ ಆಯಿತು ಅಂತ 1900ರಲ್ಲಿ ಉಕ್ಕಿನಲ್ಲಿ ಮತ್ತೆ ಕಟ್ಟಿದರು. ಆದರೆ ಸೇತುವೆ ಹೊತ್ತ ಗೋಪುರಗಳನ್ನು ಬುಡಕ್ಕೆ ಹಿಡಿದಿದ್ದ ಹಳೆಯ ಬೋಲ್ಟುಗಳನ್ನು ಹಾಗೇ ಉಳಿಸಿಕೊಂಡಿದ್ದರು. 2003ರ ಸುಂಟರಗಾಳಿಯಲ್ಲಿ ತುಕ್ಕು ಹಿಡಿದಿದ್ದ ಆ ಜೋಡಣೆಗಳೇ ಸೋತು ಹನ್ನೊಂದು ಗೋಪುರ ಉರುಳಿದವು.

ತಯಾರಕರ ಫಲಕ ಇದ್ದರೆ ಇಸವಿ ಸಿಗುತ್ತದೆ, ಆದರೆ ಅದು ಸೇತುವೆಯ ಇಸವಿ, ಆ ಜಾಗದ್ದಲ್ಲ. ಅಮೆರಿಕದ ಮೇರಿಲ್ಯಾಂಡಿನ ಸ್ಯಾವೇಜ್ ಊರಿನ ಬೋಲ್ಮನ್ ಟ್ರಸ್ ಸೇತುವೆ 1869ರದ್ದು. ಮೊದಲು ಅದು ಮುಖ್ಯ ಮಾರ್ಗದಲ್ಲಿತ್ತು, 1887ರಲ್ಲಿ ಬಿಚ್ಚಿ ತಂದು ಬಟ್ಟೆ ಗಿರಣಿಗೆ ಹೋಗುವ ಕವಲು ಹಳಿಗೆ ಜೋಡಿಸಿದರು. ಚಿಕ್ಕ ಕವಲಿನಲ್ಲಿ ಆ ಕವಲಿಗೆ ಅತಿಯಾಯಿತು ಅನ್ನಿಸುವಂಥ ಹಳೆಯ ಸೇತುವೆ ಕಂಡರೆ ಹೀಗೇನಾದರೂ ಆಗಿರಬಹುದಾ ಅಂತ ಹುಡುಕಿ.

ಕೊನೆಗೆ ಹಳೆಯ ಭೂಪಟ ತೆಗೆದು ಹಳಿಯನ್ನು ಎರಡೂ ಕಡೆ ಹಿಂಬಾಲಿಸಿ. ಹೆಚ್ಚಾಗಿ ಒಂದು ತುದಿಯಲ್ಲಿ ಗಣಿಯೋ ಕ್ವಾರಿಯೋ ಗಿರಣಿಯೋ ಇರುತ್ತದೆ, ಇನ್ನೊಂದು ತುದಿಯಲ್ಲಿ ಬಂದರೋ ದೊಡ್ಡ ಮಾರ್ಗವೋ. ತುಂಬಿದ ಬಂಡಿಗಳು ಯಾವ ದಿಕ್ಕಿಗೆ ಹೋಗುತ್ತಿದ್ದವು ಅಂತ ಗುರುತು ಹಾಕಿಕೊಳ್ಳಿ. ಸಾಧ್ಯವಾದ ಕಡೆಯಲ್ಲೆಲ್ಲ ಆ ದಿಕ್ಕಿಗೇ ಇಳಿಜಾರು ಬರುವಂತೆ ಹಳಿ ಹಾಕುತ್ತಿದ್ದರು.