ಗುಟ್ಟು ಬಿಡದೆ ಸಿನಿಮಾ ಅಭಿಪ್ರಾಯ ಬರೆಯುವುದು ಹೇಗೆ

ದಾವಣಗೆರೆಯಲ್ಲಿ ಶುಕ್ರವಾರ ಮ್ಯಾಟ್ನಿ ಬಿಟ್ಟ ಕೂಡಲೇ ಚಿತ್ರಮಂದಿರದ ಮೆಟ್ಟಿಲ ಮೇಲೆಯೇ ನಿಂತು, ಸಂಜೆಯ ಆಟಕ್ಕೆ ಹೋಗಲೋ ಬೇಡವೋ ಎಂದು ಕಾಯುತ್ತಿರುವ ಗೆಳೆಯರಿಗೆ ನಾಲ್ಕು ಸಾಲು ಬರೆದು ಕಳಿಸುವುದು ಈಗ ಅನೇಕರಿಗೆ ರೂಢಿಯಾಗಿದೆ. ಹಾಗೆಯೇ ನಾನೂ ಒಮ್ಮೆ ಒಂದು ಹಾರರ್ ಸಿನಿಮಾ ನೋಡಿ, ಕಥೆಯ ಒಂದಕ್ಷರವನ್ನೂ ಹೇಳದೆ, ‘ಮಧ್ಯಂತರದ ನಂತರ ಆ ಸಣ್ಣ ಹುಡುಗಿಯನ್ನು ಗಮನಿಸಿ’ ಎಂದಷ್ಟೇ ಬರೆದಿದ್ದೆ. ಸೆಕೆಂಡ್ ಶೋ ನೋಡಿ ಬಂದ ಗೆಳೆಯ ಮರುದಿನ ಮಂಡಕ್ಕಿ ಅಂಗಡಿಯ ಮುಂದೆ ಸಿಕ್ಕಾಗ, ‘ನಾ ಸಿನಿಮಾ ನೋಡ್ಲೇ ಇಲ್ಲ ಕಣಲೇ, ಆ ಹುಡುಗಿನ್ನೇ ಕಾಯ್ಕಂಡು ಕುಂತಿದ್ದೆ’ ಎಂದ. ಅವನ ಮಾತಿನಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಾಗಿತ್ತು. ಗುಟ್ಟು ರಟ್ಟಾಗಲು ಕಥೆಯನ್ನೇ ಹೇಳಬೇಕಾಗಿಲ್ಲ, ಎಲ್ಲಿ ನೋಡಬೇಕೆಂದು ಬೆರಳು ತೋರಿಸಿದರೂ ಸಾಕು ಎಂಬುದು ನನಗೆ ಅಂದು ಅರ್ಥವಾಯಿತು.

ಚುಟುಕು ಅಭಿಪ್ರಾಯವನ್ನು ಓದುವವರು ಕೇಳುವುದು ಒಂದೇ ಪ್ರಶ್ನೆಯನ್ನು: ನಾನು ಹೋಗಬಹುದೇ, ನನ್ನ ಮನೆಯವರನ್ನು ಕರೆದುಕೊಂಡು ಹೋಗಬಹುದೇ? ಸಿನಿಮಾದಲ್ಲಿ ಏನಾಯಿತು ಎಂಬುದು ಅವರಿಗೆ ಬೇಕಾಗಿಲ್ಲ. ಆದ್ದರಿಂದ ಮೊದಲ ಸಾಲಿನಲ್ಲಿ ಭಾಷೆ, ವರ್ಷ, ನಿರ್ದೇಶಕರ ಹೆಸರು ಮತ್ತು ಸೆನ್ಸಾರ್ ಪ್ರಮಾಣಪತ್ರದ ದರ್ಜೆಯನ್ನು ಬರೆಯಿರಿ. 2024ರ ನಿಯಮಗಳ ಪ್ರಕಾರ ಹಳೆಯ ಯು/ಎ ದರ್ಜೆಯು 7+, 13+, 16+ ಎಂದು ಮೂರು ಭಾಗವಾಗಿದೆ. ಒಂಬತ್ತು ವರ್ಷದ ಮಗುವಿನ ಕೈ ಹಿಡಿದು ಹೊರಡುವ ತಂದೆ-ತಾಯಿಗೆ ಈ ಒಂದು ಅಂಕಿಯಿಂದ ಆಗುವ ಉಪಯೋಗ ನಮ್ಮ ಹತ್ತು ವಿಶೇಷಣಗಳಿಂದ ಆಗುವುದಿಲ್ಲ. ನೀವು ನೋಡಿದ್ದು ಮೂಲ ಭಾಷೆಯಲ್ಲೋ ಡಬ್ಬಿಂಗ್‌ನಲ್ಲೋ ಎಂಬುದನ್ನೂ ತಿಳಿಸಿ.

ಕಥೆಯನ್ನು ಎಲ್ಲಿಯವರೆಗೆ ಹೇಳಬಹುದು? ನಾನು ಇಟ್ಟುಕೊಂಡಿರುವ ಗಡಿ ಮೊದಲ ಇಪ್ಪತ್ತು ನಿಮಿಷ. ಯಾರ ಕಥೆ, ಯಾವ ಊರು, ಯಾವ ಕಾಲ ಎಂಬುದು ಅಷ್ಟರೊಳಗೆ ತಿಳಿದಿರುತ್ತದೆ. ಟ್ರೇಲರಿನಲ್ಲಿ ತೋರಿಸಿದ್ದನ್ನೆಲ್ಲ ಹೇಳಬಹುದೆಂಬ ವಾದವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಟ್ರೇಲರುಗಳೇ ಎಷ್ಟೋ ಸಲ ಕೊನೆಯ ಭಾಗದ ದೃಶ್ಯಗಳನ್ನು ಬಿಟ್ಟುಕೊಡುತ್ತವೆ ಮತ್ತು ಅದೇ ಕಾರಣಕ್ಕೆ ಅವುಗಳನ್ನು ನೋಡದೆ ಬರುವವರೂ ಇದ್ದಾರೆ.

ಸೂಪರ್‌ಹೀರೋ ಸಿನಿಮಾಗಳಲ್ಲಿ ಕಾಯಬೇಕಾದ ಗುಟ್ಟುಗಳು ಮುಖ್ಯವಾಗಿ ಮೂರು: ಅನಿರೀಕ್ಷಿತವಾಗಿ ಯಾರು ಬರುತ್ತಾರೆ, ಯಾರು ಸಾಯುತ್ತಾರೆ, ಹೆಸರುಗಳ ಪಟ್ಟಿ ಮುಗಿದ ಮೇಲೆ ಏನು ಬರುತ್ತದೆ. 2008ರ ‘ಐರನ್ ಮ್ಯಾನ್’ ಇಂದ ಮಾರ್ವೆಲ್ ಚಿತ್ರಗಳಲ್ಲಿ ಬೆಳೆದುಬಂದ ಈ ಕಡೆಯ ದೃಶ್ಯದ ಪದ್ಧತಿ ಈಗ ಬೇರೆಯವರಿಗೂ ಹಬ್ಬಿದೆ. ದೀಪ ಹೊತ್ತಿದ ಕೂಡಲೇ ಬೈಕ್ ತೆಗೆಯಲು ಓಡುವ ನಮ್ಮವರಿಗೆ ‘ಕೊನೆಯ ಹೆಸರು ಬರುವವರೆಗೆ ಕುಳಿತಿರಿ’ ಎಂದು ಹೇಳುವುದು ಉಪಕಾರ, ಏಕೆ ಎಂದು ಹೇಳುವುದು ಅಪಚಾರ. ಹಿಂದಿನ ಭಾಗಗಳನ್ನು ನೋಡಿರಬೇಕೇ ಎಂಬುದಕ್ಕೂ ಸ್ಪಷ್ಟವಾದ ಉತ್ತರ ಕೊಡಿ. 2025ರ ‘ಸೂಪರ್‌ಮ್ಯಾನ್’ ಬಗ್ಗೆ ನಾನು ಬರೆದದ್ದು ಹೀಗಿತ್ತು: ‘ನಿರ್ದೇಶನ ಜೇಮ್ಸ್ ಗನ್. ಹುಟ್ಟು, ಬಾಲ್ಯದ ಕಥೆಯನ್ನು ಮೊದಲಿನಿಂದ ಹೇಳುವುದಿಲ್ಲ, ನೇರವಾಗಿ ನಡುವಿನಿಂದ ಶುರುವಾಗುತ್ತದೆ. ಹಳೆಯ ಚಿತ್ರಗಳನ್ನು ನೋಡಿರಬೇಕಾಗಿಲ್ಲ. ಬಣ್ಣ ಗಾಢ, ಮನಸ್ಸು ಹಗುರ, ಪಾತ್ರಗಳು ಮಾತ್ರ ಸ್ವಲ್ಪ ಹೆಚ್ಚಾದವು.’

ಅದೇ ವರ್ಷದ ಮಲಯಾಳಂ ಚಿತ್ರ ‘ಲೋಕಃ’ ನನಗೆ ಇನ್ನೂ ಕಷ್ಟ ಕೊಟ್ಟಿತು. ‘ನಿರ್ದೇಶನ ಡೊಮಿನಿಕ್ ಅರುಣ್, ಮುಖ್ಯ ಪಾತ್ರದಲ್ಲಿ ಕಲ್ಯಾಣಿ ಪ್ರಿಯದರ್ಶನ್. ಕಥೆ ನಡೆಯುವುದು ಬೆಂಗಳೂರಿನಲ್ಲಿ, ಅದರ ಬೇರು ಕೇರಳದ ಜನಪದ ಕಥೆಯಲ್ಲಿ’ ಎಂದು ಬರೆದು ಅಲ್ಲಿಗೇ ಪೆನ್ನು ನಿಲ್ಲಿಸಿದೆ. ಯಾವ ಜನಪದ ಕಥೆ ಎಂದು ಬರೆದಿದ್ದರೆ ವಾಕ್ಯಕ್ಕೆ ತೂಕ ಬರುತ್ತಿತ್ತು, ಆದರೆ ಆ ಹುಡುಗಿ ಯಾರು ಎಂದು ಕೇಳಿಕೊಳ್ಳುತ್ತ ಕೂರುವ ಸುಖವನ್ನು ಓದುಗರಿಂದ ಕಿತ್ತುಕೊಂಡಂತೆಯೂ ಆಗುತ್ತಿತ್ತು.

ಹಾರರ್ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಅಲ್ಲಿ ಗೊತ್ತಿಲ್ಲದಿರುವುದೇ ಭಯದ ಬಂಡವಾಳ. ‘ಕೊನೆಯಲ್ಲಿ ಭಾರಿ ತಿರುವು ಇದೆ’ ಎಂಬ ವಾಕ್ಯವನ್ನು ಎಲ್ಲರೂ ಧಾರಾಳವಾಗಿ ಬರೆಯುತ್ತಾರೆ. ನನ್ನ ಮಟ್ಟಿಗೆ ಅದೂ ಗುಟ್ಟು ಬಿಟ್ಟಂತೆಯೇ. ತಿರುವಿದೆ ಎಂದು ತಿಳಿದವರು ಮೊದಲ ದೃಶ್ಯದಿಂದಲೇ ಪ್ರತಿ ಪಾತ್ರವನ್ನೂ ಅನುಮಾನದಿಂದ ನೋಡತೊಡಗುತ್ತಾರೆ. ಇನ್ನೊಂದು ಪ್ರಸಿದ್ಧ ಚಿತ್ರದೊಂದಿಗೆ ಹೋಲಿಸುವುದರಲ್ಲಿಯೂ ಇದೇ ಅಪಾಯವಿದೆ, ಏಕೆಂದರೆ ಆ ಚಿತ್ರದ ರಹಸ್ಯ ಗೊತ್ತಿದ್ದವರಿಗೆ ಇದರ ರಹಸ್ಯವೂ ಅರ್ಧ ತಿಳಿದುಹೋಗುತ್ತದೆ. ನಿಜವಾಗಿಯೂ ದೆವ್ವವೋ, ಮನಸ್ಸಿನ ಕಾಯಿಲೆಯೋ, ಯಾರದೋ ಸಂಚೋ ಎಂಬ ಪ್ರಶ್ನೆಯ ಮೇಲೆ ನಿಂತ ಚಿತ್ರಗಳು ನಮ್ಮಲ್ಲಿ ಬಹಳ. ಆ ಪ್ರಶ್ನೆಗೆ ‘ಅಲ್ಲ’ ಎಂಬ ಉತ್ತರವನ್ನೂ ಕೊಡಬಾರದು.

ಹಾಗಾದರೆ ಉಳಿಯುವುದೇನು? ಭಯದ ಬಗೆ. ಅದರಲ್ಲಿ ಬರೆಯುವುದಕ್ಕೆ ಬೇಕಾದಷ್ಟಿದೆ. ದಿಢೀರನೆ ಬರುವ ಸದ್ದಿಗೆ ಕುರ್ಚಿಯಿಂದ ಹಾರುವ ಭಯ ಒಂದು, ಮನೆಗೆ ಬಂದು ಬಚ್ಚಲ ದೀಪ ಹಾಕುವಾಗ ಕಾಡುವ ಭಯ ಇನ್ನೊಂದು. ರಕ್ತ ಕಂಡು ಹೊಟ್ಟೆ ತೊಳಸುವುದು ಬೇರೆ, ನಗುನಗುತ್ತಲೇ ಹೆದರುವುದು ಬೇರೆ. 2025ರ ಕನ್ನಡದ ‘ಸು ಫ್ರಮ್ ಸೋ’ ಚಿತ್ರಕ್ಕೆ ‘ಕರಾವಳಿಯ ಹಳ್ಳಿಯೊಂದರ ಕಥೆ, ಹೆದರಿಕೆಗಿಂತ ನಗು ಹೆಚ್ಚು, ಇಡೀ ಮನೆಮಂದಿ ಹೋಗಬಹುದು’ ಎಂದರೆ ಸಾಕು. ಅದಕ್ಕೆ ತೀರ ಭಿನ್ನವಾದದ್ದು ರಾಹುಲ್ ಸದಾಶಿವನ್ ನಿರ್ದೇಶಿಸಿದ, ಮಮ್ಮೂಟ್ಟಿ ನಟಿಸಿದ 2024ರ ‘ಭ್ರಮಯುಗಂ’: ‘ಪೂರ್ತಿ ಕಪ್ಪು-ಬಿಳುಪು. ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ ಹಾಡುಗಾರ ಹಳೆಯ ಮನೆಯೊಂದರ ಬಾಗಿಲಿಗೆ ಬರುತ್ತಾನೆ. ಪಾತ್ರಗಳು ಕೆಲವೇ ಕೆಲವು. ಬೆಚ್ಚಿಬೀಳುವುದಕ್ಕಿಂತ ಉಸಿರುಗಟ್ಟುವುದೇ ಹೆಚ್ಚು. ನಿಧಾನಗತಿಯನ್ನು ಸಹಿಸದವರು ಹೋಗಬೇಡಿ.’ ಆ ಮನೆಯ ಯಜಮಾನನ ಬಗ್ಗೆ ನಾನು ಏನೂ ಬರೆಯಲಿಲ್ಲ.

ಎಚ್ಚರಿಕೆ ಕೊಡಲೇಬೇಕಾದ ಸಂದರ್ಭಗಳೂ ಇವೆ. ಮಕ್ಕಳಿಗೆ ಹಿಂಸೆಯಾಗುವ ದೃಶ್ಯವಿದ್ದರೆ, ಕಣ್ಣು ಕುಕ್ಕುವಂತೆ ಮಿನುಗುವ ಬೆಳಕಿದ್ದರೆ ಅದನ್ನು ಹೇಳಬೇಕು, ಆದರೆ ಯಾರಿಗೆ, ಯಾವಾಗ ಎಂದು ಹೇಳಬಾರದು. ಗುಟ್ಟು ಮತ್ತು ಎಚ್ಚರಿಕೆಗಳ ನಡುವೆ ಒಂದನ್ನೇ ಆಯ್ದುಕೊಳ್ಳಬೇಕಾಗಿ ಬಂದರೆ ನಾನು ಎಚ್ಚರಿಕೆಯನ್ನೇ ಆಯ್ದುಕೊಳ್ಳುತ್ತೇನೆ. ಇನ್ನು ಚಿತ್ರಮಂದಿರದ ಸ್ಪೀಕರ್ ಕರ್ಕಶವಾಗಿದ್ದರೆ ಆ ದೂರನ್ನು ಬೇರೆಯಾಗಿ ಬರೆಯಿರಿ, ಅದರ ಹೊರೆಯನ್ನು ಸಿನಿಮಾದ ತಲೆಗೆ ಕಟ್ಟಬೇಡಿ.

ಒಳ್ಳೆಯ ಕಥೆಯಾದರೆ ಕೊನೆ ಗೊತ್ತಿದ್ದರೇನು ಎಂದು ಕೇಳುವವರಿದ್ದಾರೆ. ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿಯ ಮುಂದೆ ನಿಂತವರಿಗೆ ಕಥೆಯ ಕೊನೆ ಮೊದಲೇ ಗೊತ್ತಿದ್ದರೂ ಮೈ ಜುಮ್ಮೆನ್ನುವುದಿಲ್ಲವೇ ಎಂಬುದು ಅವರ ವಾದ. ಜುಮ್ಮೆನ್ನುತ್ತದೆ, ನಿಜ. ಆದರೆ ಅದು ಹೇಳುವವರಿಗೂ ಕೇಳುವವರಿಗೂ ಗೊತ್ತಿದೆ ಎಂಬ ನಂಬಿಕೆಯ ಮೇಲೆಯೇ ಬೆಳೆದ ಕಥೆ. ಹೊಸ ಸಿನಿಮಾದ ನಿರ್ದೇಶಕರು ನೋಡುವವರಿಗೆ ಏನೂ ಗೊತ್ತಿಲ್ಲವೆಂದು ಎಣಿಸಿ ಒಂದೊಂದೇ ಬಾಗಿಲು ತೆರೆಯುತ್ತ ಹೋಗಿರುತ್ತಾರೆ. ಕೊನೆ ಗೊತ್ತಿದ್ದು ನೋಡುವ ಸುಖ ಎರಡನೆಯ ಸಲ ಹೋದಾಗ ಹೇಗೂ ಸಿಗುತ್ತದೆ.

ಬರೆದಾದ ಮೇಲೆ, ಸಿನಿಮಾ ನೋಡದ ಒಬ್ಬರಿಗೆ ಅದನ್ನು ಓದಿ ಹೇಳಿ, ‘ಏನಾಗಬಹುದು ಅನಿಸುತ್ತದೆ?’ ಎಂದು ಕೇಳಿ. ನಾನು ಪಿಯುಸಿ ಓದುವ ನನ್ನ ಅಕ್ಕನ ಮಗನಿಗೆ ಓದಿ ಹೇಳುತ್ತೇನೆ. ಈಚೆಗೆ ‘ಆ ಮುದುಕನನ್ನು ಮರೆಯಲಾಗುವುದಿಲ್ಲ’ ಎಂದು ಬರೆದಿದ್ದೆ. ಕೇಳಿದವನೇ, ‘ಹಂಗಾರೆ ಆ ಮುದುಕ ಸಾಯ್ತಾನಾ, ಮಾವ?’ ಎಂದ. ಆ ಸಾಲನ್ನು ಹೊಡೆದು ಹಾಕಿ, ‘ಮುದುಕನ ಪಾತ್ರಧಾರಿಯ ಅಭಿನಯ ಸೊಗಸಾಗಿದೆ’ ಎಂದು ತಿದ್ದಿ ಮತ್ತೆ ಓದಿದೆ. ಈ ಸಲ ಅವನು ಕೇಳಿದ್ದು ನಾಳೆಯ ಆಟಕ್ಕೆ ಟಿಕೆಟ್ ಸಿಗುತ್ತದೆಯೇ ಎಂದು ಮಾತ್ರ.