ಗುಂಡಿ ಒತ್ತುವ ಮುಂಚೆ ಎರಡು ಹೆಜ್ಜೆ ಹಿಂದೆ: ಮನೆಮಂದಿಯ ಫೋಟೊ ಚೆನ್ನಾಗಿ ಬರಬೇಕಾದರೆ

ಮನೆಮಂದಿಯ ಫೋಟೊ ಕೆಡುವುದು ಹೆಚ್ಚಾಗಿ ಕ್ಯಾಮೆರಾದಿಂದಲ್ಲ, ತೆಗೆಯುವವರು ನಿಂತ ಜಾಗದಿಂದ. ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ತೆಗೆಯುವವರು ಇದ್ದಲ್ಲಿಂದಲೇ ಫೋನ್ ಎತ್ತಿ ಒಂದೆರಡು ಸಲ ಕ್ಲಿಕ್ಕಿಸುತ್ತಾರೆ. ಆಮೇಲೆ ನೋಡಿದರೆ ಅಂಚಿನಲ್ಲಿದ್ದವರ ಮುಖ ಅಡ್ಡಕ್ಕೆ ಎಳೆದಂತಿದೆ, ಮಗುವಿನ ನೆತ್ತಿಯಷ್ಟೇ ಕಾಣುತ್ತಿದೆ, ಒಬ್ಬರ ತಲೆಯಿಂದ ಕಂಬ ಮೊಳೆತಂತಿದೆ. ಈ ಮೂರೂ ತಪ್ಪುಗಳು ನಿಂತ ಜಾಗ ಬದಲಿಸಿದರೆ ಹೋಗುತ್ತವೆ. ಹೊಸ ಫೋನ್ ಬೇಕಿಲ್ಲ.

ಶುರು ಮಾಡುವ ಮುಂಚೆ ಎರಡು ಚಿಕ್ಕ ಕೆಲಸ. ಮೆತ್ತನೆಯ ಒಣ ಬಟ್ಟೆಯಿಂದ ಲೆನ್ಸ್ ಒರೆಸಿ. ಬೆರಳಿನ ಜಿಡ್ಡು ಅಂಟಿದ್ದರೆ ದೀಪದ ಸುತ್ತ ಮಂಜು ಕವಿದಂತಾಗುತ್ತದೆ, ಆಮೇಲೆ ಯಾವ ಆ್ಯಪ್‌ನಿಂದಲೂ ಅದು ಪೂರ್ತಿ ಹೋಗುವುದಿಲ್ಲ. ಎರಡನೆಯದು, ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ‘ಗ್ರಿಡ್’ ಆನ್ ಮಾಡಿ. ಪರದೆಯ ಮೇಲೆ ಎರಡು ಅಡ್ಡ, ಎರಡು ಉದ್ದ ಗೆರೆಗಳು ಬರುತ್ತವೆ. ಫೋಟೊ ಓರೆಯಾಗದಂತೆ ನೋಡಿಕೊಳ್ಳಲು ಇಷ್ಟು ಸಾಕು.

ದೂರ ಮತ್ತು ಎತ್ತರ

ಮೊದಲು ಹಿಂದಕ್ಕೆ ಸರಿಯಿರಿ. ಇದರ ಹಿಂದೆ ಸರಳ ಲೆಕ್ಕವಿದೆ. ಮೂಗಿನ ತುದಿಗಿಂತ ಕಿವಿ ಸುಮಾರು 12 ಸೆಂ.ಮೀ. ಹಿಂದಿರುತ್ತದೆ. ಕೈ ಚಾಚಿದ ದೂರದಿಂದ, ಅಂದರೆ ಸುಮಾರು 60 ಸೆಂ.ಮೀ.ನಿಂದ ತೆಗೆದರೆ ಈ ಅಂತರ ಒಟ್ಟು ದೂರದ ಐದನೇ ಒಂದು ಭಾಗ. ಹಾಗಾಗಿ ಮೂಗು ದೊಡ್ಡದಾಗಿ, ಕಿವಿ ಚಿಕ್ಕದಾಗಿ ಕಾಣುತ್ತದೆ. ಎರಡೂವರೆ ಮೀಟರ್ ಹಿಂದೆ ಹೋದರೆ ಅದೇ ಅಂತರ ಇಪ್ಪತ್ತನೇ ಒಂದು ಭಾಗಕ್ಕೆ ಇಳಿದು, ಮುಖ ನಾವು ದಿನವೂ ನೋಡುವ ಹಾಗೆಯೇ ಬರುತ್ತದೆ. ಹಿಂದೆ ಹೋದಾಗ ಜನ ಚಿಕ್ಕದಾಗಿ ಕಂಡರೆ ಪರದೆಯಲ್ಲಿನ 2ಎಕ್ಸ್ (ಎರಡು ಪಟ್ಟು ಜೂಮ್) ಒತ್ತಿ. ಮುಖದ ಆಕಾರ ಸರಿಹೋಗುವುದು ದೂರದಿಂದ. ಜೂಮ್ ಮಾಡುವುದು ಚೌಕಟ್ಟು ತುಂಬಿಸಲು ಮಾತ್ರ.

ಜಾಗ ಸಾಲದೆಂದು, ಹೆಚ್ಚು ಅಗಲ ಹಿಡಿಯುವ 0.5ಎಕ್ಸ್‌ಗೆ ಹೋಗುವ ಅಭ್ಯಾಸ ಮನೆಯೊಳಗಿನ ಗುಂಪು ಫೋಟೊಗಳನ್ನು ಬಹಳ ಕೆಡಿಸುತ್ತದೆ. ಆ ಲೆನ್ಸ್ ಅಂಚಿನಲ್ಲಿರುವುದನ್ನೆಲ್ಲ ಹೊರಕ್ಕೆ ಎಳೆಯುತ್ತದೆ. ತುದಿಯಲ್ಲಿ ನಿಂತವರ ತಲೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಭುಜ ದಪ್ಪವಾಗುತ್ತದೆ. ಅದನ್ನು ಬಳಸುವ ಬದಲು ಬಾಗಿಲಾಚೆ ನಿಂತು ತೆಗೆಯಿರಿ, ಇಲ್ಲವೇ ಗುಂಪನ್ನು ಎರಡು ಸಾಲು ಮಾಡಿ. ಮಾಮೂಲಿ 1ಎಕ್ಸ್‌ನಲ್ಲೂ ಎಡಕ್ಕೆ ಬಲಕ್ಕೆ ಒಬ್ಬೊಬ್ಬರು ನಿಲ್ಲುವಷ್ಟು ಜಾಗ ಖಾಲಿ ಬಿಡಿ.

ಆಮೇಲೆ ಎತ್ತರ. ಕ್ಯಾಮೆರಾ ಮುಖ್ಯ ವ್ಯಕ್ತಿಯ ಕಣ್ಣಿನ ಮಟ್ಟದಲ್ಲಿರಲಿ. ಅಂಬೆಗಾಲಿಡುವ ಮಗುವಾದರೆ ನೆಲಕ್ಕೆ ಹೊಟ್ಟೆಯೂರಿ ಮಲಗಬೇಕು, ನಾಲ್ಕು ವರ್ಷದ ಮಗುವಾದರೆ ಮಂಡಿಯೂರಬೇಕು. ನಿಂತೇ ಕೆಳಕ್ಕೆ ತೆಗೆದರೆ ತಲೆ ದೊಡ್ಡದಾಗಿ, ಕಾಲು ಗಿಡ್ಡವಾಗಿ, ಹಿನ್ನೆಲೆಯಲ್ಲಿ ಬರೀ ನೆಲವೇ ಬರುತ್ತದೆ. ಕುಳಿತವರೂ ನಿಂತವರೂ ಇರುವ ಗುಂಪಿಗೆ ಎರಡರ ನಡುವಿನ ಎತ್ತರ ಸರಿ. ನಿಂತವರ ಎದೆಮಟ್ಟಕ್ಕೆ ಫೋನ್ ಹಿಡಿಯಿರಿ. ಫೋನನ್ನು ಮುಂದಕ್ಕೋ ಹಿಂದಕ್ಕೋ ವಾಲಿಸಬೇಡಿ. ವಾಲಿದರೆ ಹಿಂದಿನ ಗೋಡೆ, ಬಾಗಿಲುಗಳ ನೇರ ಗೆರೆಗಳು ಒಂದು ಕಡೆಗೆ ಕೂಡಿಕೊಳ್ಳುತ್ತವೆ.

ಹಿನ್ನೆಲೆಗೆ ಐದು ಸೆಕೆಂಡ್

ಗುಂಡಿ ಒತ್ತುವ ಮುಂಚೆ ಮುಖಗಳನ್ನು ಬಿಟ್ಟು ಬರೀ ಚೌಕಟ್ಟಿನ ನಾಲ್ಕು ಅಂಚುಗಳನ್ನು ಒಂದು ಸುತ್ತು ನೋಡಿ. ಅರ್ಧ ಕುರ್ಚಿ, ಚಾರ್ಜರ್ ವೈರು, ಯಾರದೋ ಮೊಣಕೈ ಅಲ್ಲೇ ಸಿಗುತ್ತವೆ. ಬಳಿಕ ತಲೆಗಳ ಹಿಂದೆ ನೋಡಿ. ಕಂಬ, ಕೊಂಬೆ, ಬಾಗಿಲಿನ ಚೌಕಟ್ಟು ತಲೆಗೆ ತಾಗಿದ್ದರೆ ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು, ಅದು ತಲೆಯಿಂದಾಚೆ ಹೋಗುತ್ತದೆ. ಗೋಡೆಯ ಪಟ್ಟಿ, ಕಿಟಕಿಯ ದಂಡೆಯಂಥ ಅಡ್ಡಗೆರೆ ಕುತ್ತಿಗೆಯ ಮಟ್ಟದಲ್ಲಿ ಹಾದುಹೋದರೆ ಫೋನನ್ನು ಒಂದು ಗೇಣು ಮೇಲೋ ಕೆಳಗೋ ಮಾಡಿ.

ಜನರನ್ನು ಗೋಡೆಗೆ ಒರಗಿಸಿ ನಿಲ್ಲಿಸಬೇಡಿ. ಒಂದೂವರೆ, ಎರಡು ಮೀಟರ್ ಮುಂದೆ ಬರಲಿ. ಆಗ ನೆರಳು ಗೋಡೆಯ ಮೇಲೆ ಬೀಳುವುದಿಲ್ಲ, ಮುಖಗಳು ಹಿನ್ನೆಲೆಯಿಂದ ಎದ್ದು ಕಾಣುತ್ತವೆ.

ಗುಂಪನ್ನು ಕಟ್ಟುವುದು

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೆ. ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಅದು ಹಾಜರಿ ಪಟ್ಟಿಯಾಗುತ್ತದೆ, ಮನೆಯವರ ಫೋಟೊ ಆಗುವುದಿಲ್ಲ. ಬದಲಿಗೆ ತಲೆಗಳನ್ನು ತ್ರಿಕೋನಗಳಾಗಿ ಜೋಡಿಸಿ. ಯಾವ ಮೂರು ಅಕ್ಕಪಕ್ಕದ ತಲೆಗಳನ್ನು ತೆಗೆದುಕೊಂಡರೂ ಅವು ಒಂದೇ ಗೆರೆಯಲ್ಲಿರಬಾರದು.

ಏಳು ಜನರ ಮನೆ ಎಂದಿಟ್ಟುಕೊಳ್ಳಿ: ಅಜ್ಜ, ಅಜ್ಜಿ, ಮಗ, ಸೊಸೆ, ಮಗಳು, ಎರಡು ಮಕ್ಕಳು. ಮೊದಲು ಅಜ್ಜ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಗಳನ್ನು ಸ್ವಲ್ಪ ಒಳಮುಖವಾಗಿ ತಿರುಗಿಸಿ. ಚಿಕ್ಕ ಮಗು ಅಜ್ಜಿಯ ತೊಡೆಯ ಮೇಲಿರಲಿ. ದೊಡ್ಡವನು ಅಜ್ಜನ ಮೊಣಕಾಲಿಗೆ ಒರಗಿ ನೆಲದಲ್ಲಿ ಕೂರಲಿ. ಉಳಿದ ಮೂವರು ಹಿಂದೆ ನಿಲ್ಲಲಿ, ಆದರೆ ಕುಳಿತವರ ತಲೆಯ ನೇರಕ್ಕಲ್ಲ, ತಲೆ ತಲೆಗಳ ನಡುವಿನ ಸಂದಿಯಲ್ಲಿ. ನಿಂತವರಲ್ಲಿ ಎತ್ತರದವರು ನಡುವಿನಿಂದ ಸ್ವಲ್ಪ ಪಕ್ಕಕ್ಕಿದ್ದರೆ ಚೆನ್ನ. ಮಕ್ಕಳನ್ನು ಕೊನೆಗೆ ಕರೆಯಿರಿ, ಅವರ ತಾಳ್ಮೆ ಎರಡು ಮೂರು ನಿಮಿಷದ್ದು.

ಈಗ ಹತ್ತಿರ ತನ್ನಿ. ಕಣ್ಣಿಗೆ ಸರಿಯಾಗಿ ಕಂಡ ಸಂದು ಫೋಟೊದಲ್ಲಿ ದೊಡ್ಡದಾಗಿ ಕಾಣುತ್ತದೆ. ಎರಡು ತಲೆಗಳ ನಡುವೆ ಒಂದು ಅಂಗೈ ಅಗಲದ ಜಾಗವಿದ್ದರೆ ಸಾಕು. ತುದಿಯಲ್ಲಿರುವವರು ಕ್ಯಾಮೆರಾಕ್ಕೆ ನೆಟ್ಟಗೆ ನಿಲ್ಲದೆ, ಭುಜವನ್ನು ನಡುವಿನ ಕಡೆಗೆ ಓರೆಯಾಗಿ ತಿರುಗಿಸಲಿ. ಇದರಿಂದ ಮೈ ಅಗಲವಾಗಿ ಕಾಣುವುದಿಲ್ಲ, ಗುಂಪಿಗೆ ಎರಡೂ ಬದಿಯಿಂದ ಆವರಣ ಕಟ್ಟಿದಂತಾಗುತ್ತದೆ.

ಕೈಗಳನ್ನು ಮರೆಯಬೇಡಿ. ಸುಮ್ಮನೆ ಜೋತುಬಿದ್ದ ಕೈ ಬಿಗಿತವನ್ನು ತೋರಿಸುತ್ತದೆ. ಒಂದು ಕೈ ಇನ್ನೊಬ್ಬರ ಭುಜದ ಮೇಲೆ, ಇಲ್ಲವೇ ಕುರ್ಚಿಯ ಬೆನ್ನಿನ ಮೇಲೆ ಇರಲಿ. ಮೊಮ್ಮಗುವಿನ ಪುಟ್ಟ ಬೆರಳುಗಳು ಅಜ್ಜಿಯ ಹೆಬ್ಬೆರಳನ್ನು ಹಿಡಿದಿದ್ದರೆ ಅದನ್ನು ಬಿಡಿಸಬೇಡಿ. ಗುಂಪಿನ ಫೋಟೊ ಮುಗಿದ ಮೇಲೆ 2ಎಕ್ಸ್‌ನಲ್ಲಿ ಆ ಕೈಗಳನ್ನಷ್ಟೇ ಇನ್ನೊಮ್ಮೆ ತೆಗೆಯಿರಿ.

ಹತ್ತಕ್ಕಿಂತ ಹೆಚ್ಚು ಜನರಿದ್ದರೆ ಮೆಟ್ಟಿಲು ಹುಡುಕಿ. ಒಂದೊಂದು ಮೆಟ್ಟಿಲು ಬಿಟ್ಟು ಕೂರಿಸಿದರೆ ತಲೆಗಳ ಎತ್ತರ ತಾನಾಗಿಯೇ ಬದಲಾಗುತ್ತದೆ. ಸಾಲುಗಳ ನಡುವೆ ಜಾಸ್ತಿ ಅಂತರ ಬಿಟ್ಟರೆ ಹಿಂದಿನವರ ಫೋಕಸ್ ತಪ್ಪುತ್ತದೆ. ಬೇರೆ ಲೆನ್ಸ್ ಹಾಕುವ ಕ್ಯಾಮೆರಾದಲ್ಲಿ ಎರಡು ಮೂರು ಸಾಲಿಗೆ ಅಪರ್ಚರ್ (ಲೆನ್ಸ್ ತೆರೆದುಕೊಳ್ಳುವ ಅಳತೆ) ಎಫ್/8ಕ್ಕೆ ಇಡಿ. ಫೋನಿನಲ್ಲಾದರೆ ಗುಂಪಿಗೆ ಪೋರ್ಟ್ರೇಟ್ ಮೋಡ್ ಬೇಡ. ಅದು ಹಿಂದಿನ ಸಾಲನ್ನು ಹಿನ್ನೆಲೆಯೆಂದು ತಿಳಿದು ಮಸುಕು ಮಾಡಿಬಿಡಬಹುದು.

ಒಬ್ಬರು, ಇಬ್ಬರಾದಾಗ

ಚೌಕಟ್ಟನ್ನು ಮೂರು ಪಾಲು ಮಾಡಿ ಮುಖ್ಯವಾದದ್ದನ್ನು ಗೆರೆಯ ಮೇಲೆ ಇಡುವ ಸೂತ್ರ ಕ್ಯಾಮೆರಾಕ್ಕಿಂತ ಹಳೆಯದು. ಇಂಗ್ಲೆಂಡಿನ ಚಿತ್ರಕಾರ ಜಾನ್ ಥಾಮಸ್ ಸ್ಮಿತ್ 1797ರಲ್ಲೇ ಇದನ್ನು ಭೂದೃಶ್ಯ ಚಿತ್ರಗಳಿಗಾಗಿ ಬರೆದಿದ್ದರು. ಗುಂಪಿಗೆ ಇದು ಅಷ್ಟಾಗಿ ಬೇಕಿಲ್ಲ, ಗುಂಪು ನಡುವೆ ಇದ್ದರೇ ಚೆಂದ. ಒಬ್ಬರನ್ನು ತೆಗೆಯುವಾಗ ಮಾತ್ರ ಬಹಳ ಉಪಯೋಗ. ಕಣ್ಣುಗಳು ಮೇಲಿನ ಅಡ್ಡಗೆರೆಯ ಹತ್ತಿರ ಬರಲಿ. ಮುಖವನ್ನೇ ಫೋಟೊದ ನಟ್ಟನಡುವೆ ಇಟ್ಟರೆ ತಲೆಯ ಮೇಲೆ ಅರ್ಧ ಫೋಟೊ ಖಾಲಿ ಉಳಿಯುತ್ತದೆ. ಮಗು ಬಲಕ್ಕೆ ನೋಡುತ್ತಿದ್ದರೆ ಅದನ್ನು ಎಡಗೆರೆಯ ಮೇಲಿಟ್ಟು, ನೋಟ ಹೋಗುವ ಕಡೆ ಜಾಗ ಬಿಡಿ.

ಮೈಯನ್ನು ಎಲ್ಲಿ ಕತ್ತರಿಸಬೇಕು ಎಂಬುದೂ ಮುಖ್ಯ. ಕೀಲುಗಳಲ್ಲಿ, ಅಂದರೆ ಮಣಿಕಟ್ಟು, ಮೊಣಕಾಲು, ಪಾದದ ಗಂಟಿನಲ್ಲಿ ಚೌಕಟ್ಟು ಮುಗಿಯಬಾರದು. ಅಲ್ಲಿ ನಿಂತರೆ ಕೈಕಾಲು ತುಂಡಾದಂತೆ ಕಾಣುತ್ತದೆ. ಎದೆ, ಸೊಂಟ ಅಥವಾ ತೊಡೆಯ ನಡುಭಾಗಕ್ಕೆ ನಿಲ್ಲಿಸಿ, ಇಲ್ಲವೇ ಪಾದದ ಕೆಳಗೂ ಜಾಗ ಬಿಟ್ಟು ಪೂರ್ತಿ ತೆಗೆಯಿರಿ.

ಬೆಳಕು

ಮನೆಯೊಳಗೆ ಕಿಟಕಿಯಿಂದ ಒಂದು, ಒಂದೂವರೆ ಮೀಟರ್ ದೂರದಲ್ಲಿ, ಬೆಳಕು ಓರೆಯಾಗಿ ಮುಖಕ್ಕೆ ಬೀಳುವಂತೆ ಕೂರಿಸಿ, ಕೋಣೆಯ ದೀಪ ಆರಿಸಿ. ಎರಡು ಬಗೆಯ ಬೆಳಕು ಬೆರೆತರೆ ಮುಖದ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿ. ಹೊರಗೆ ನಡುಹಗಲಾದರೆ ನೆರಳಿಗೆ ಹೋಗಿ ಬಯಲಿನ ಕಡೆ ಮುಖ ಮಾಡಿಸಿ. ನೆತ್ತಿಯ ಬಿಸಿಲಲ್ಲಿ ಕಣ್ಣಗುಳಿಗಳು ಕಪ್ಪಾಗುತ್ತವೆ. ಪರದೆಯಲ್ಲಿ ಮುಖದ ಮೇಲೆ ಬೆರಳಿಟ್ಟರೆ ಫೋಕಸ್ಸೂ ಬೆಳಕೂ ಅದಕ್ಕೆ ಹೊಂದಿಕೊಳ್ಳುತ್ತವೆ. ಫೋನಿನ ಫ್ಲ್ಯಾಶ್ ಗುಂಪಿಗೆ ಸಾಲದು. ಮುಂದಿನ ಸಾಲು ಬಿಳಿಚಿ, ಹಿಂದಿನದು ಕತ್ತಲಾಗುತ್ತದೆ.

ಎಷ್ಟು ಸಲ ಕ್ಲಿಕ್ಕಿಸಬೇಕು?

ಯಾರೊಬ್ಬರ ಕಣ್ಣಾದರೂ ಮುಚ್ಚಿರುತ್ತದೆ ಎಂಬ ಗೋಳಿಗೆ ಲೆಕ್ಕವೇ ಇದೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ವಿಜ್ಞಾನ ಸಂಶೋಧನಾ ಸಂಸ್ಥೆಯ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದನ್ನು ಗಣಿತದಿಂದ ಬಿಡಿಸಿದರು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್‌ನ 2006ರ ಗಣಿತ ಪ್ರಶಸ್ತಿ ಇದಕ್ಕೇ ಬಂತು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ, ಬೆಳಕು ಚೆನ್ನಾಗಿದ್ದಾಗ ಜನರ ಸಂಖ್ಯೆಯನ್ನು ಮೂರರಿಂದ, ಮಂದವಾಗಿದ್ದಾಗ ಎರಡರಿಂದ ಭಾಗಿಸಿ. ಹನ್ನೆರಡು ಜನರಿಗೆ ಒಳ್ಳೆಯ ಬೆಳಕಲ್ಲಿ ನಾಲ್ಕು, ಮಂದ ಬೆಳಕಲ್ಲಿ ಆರು ಸಲ ತೆಗೆಯಬೇಕು. ಇದು ಕಣ್ಣು ಮಿಟುಕುವುದರ ಲೆಕ್ಕ ಮಾತ್ರ. ಚಿಕ್ಕ ಮಕ್ಕಳಿದ್ದರೆ ಅದರ ಎರಡರಷ್ಟು ತೆಗೆಯಿರಿ. “ಮುಗೀತು” ಎಂದ ಮೇಲೂ ಕೂಡಲೇ ಫೋನ್ ಇಳಿಸಬೇಡಿ. ಬಿಗಿಹಿಡಿದ ಮುಖಗಳು ಸಡಿಲವಾಗುವುದು ಆಗಲೇ.

ತೆಗೆಯುವವರೂ ಫೋಟೊದಲ್ಲಿ ಇರಬೇಕಾದರೆ ಫೋನನ್ನು ಟ್ರೈಪಾಡ್‌ನಲ್ಲಿ ನಿಲ್ಲಿಸಿ 10 ಸೆಕೆಂಡಿನ ಟೈಮರ್ ಹಾಕಿ. ಗುಂಪಿನಲ್ಲಿ ತಮ್ಮ ಜಾಗವನ್ನು ಮುಂಚೆಯೇ ಖಾಲಿ ಬಿಟ್ಟಿರಬೇಕು, ಅದು ನಡೆದು ಬರಲು ಸುಲಭವಾದ ತುದಿಯಲ್ಲಿರಲಿ.

ಪ್ರಿಂಟ್ ಹಾಕಿಸುವ ಯೋಚನೆಯಿದ್ದರೆ ಇನ್ನೊಂದು ಎಚ್ಚರ. ಫೋನಿನ ಫೋಟೊ ಸಾಮಾನ್ಯವಾಗಿ 4:3 ಅಳತೆಯದು, 6×4 ಇಂಚಿನ ಕಾಗದ 3:2 ಅಳತೆಯದು. ಕಾಗದ ತುಂಬುವಂತೆ ಮುದ್ರಿಸಿದರೆ ಅಡ್ಡ ಫೋಟೊದ ಎತ್ತರದಲ್ಲಿ ಒಂಬತ್ತನೇ ಒಂದು ಪಾಲು ಕತ್ತರಿಸಿಹೋಗುತ್ತದೆ. ಹಿಂದಿನ ಸಾಲಿನ ತಲೆ ಚೌಕಟ್ಟಿಗೆ ತಾಗುವಂತೆ ತೆಗೆದಿದ್ದರೆ ಕೂದಲು, ಹಣೆ ಹೋದಂತೆಯೇ. ಆದ್ದರಿಂದ ತೆಗೆಯುವಾಗಲೇ ತಲೆಯ ಮೇಲೂ ಪಾದದ ಕೆಳಗೂ ಪರದೆಯಲ್ಲಿ ಅರ್ಧ ಬೆರಳಗಲದಷ್ಟು ಜಾಗ ಉಳಿಸಿಕೊಳ್ಳಿ.